ಹೈಸ್ಕೂಲ್ ಮಕ್ಕಳ ಬರವಣಿಗೆ: ಎಲ್ಲ ವಿಷಯದ ಮೇಷ್ಟ್ರುಗಳಿಗೂ ಒಂದು ಸಲಹೆ

ಬರವಣಿಗೆ ಕಲಿಸೋದು ಕನ್ನಡ ಮೇಷ್ಟ್ರ ಕೆಲಸ ಅಂತ ಸುಮ್ನೆ ಬಿಟ್ಟರೆ ಆಗುವುದಿಲ್ಲ. ವಿಜ್ಞಾನ, ಸಮಾಜದ ಉತ್ತರಗಳನ್ನೂ ಮಕ್ಕಳು ಬರೆಯಲೇಬೇಕು, ಅಲ್ವಾ? ಪಾಠದ ಕೊನೆಯ ಐದು ನಿಮಿಷ ಇದಕ್ಕೆ ಎತ್ತಿಡಿ.

ಅರ್ಧ ವಾಕ್ಯ ಬೋರ್ಡ್ ಮೇಲೆ ಬರೆಯಿರಿ. ಉಳಿದದ್ದನ್ನು ಮಕ್ಕಳು ನೋಟ್‌ಬುಕ್‌ನಲ್ಲಿ ಪೂರ್ತಿ ಮಾಡಲಿ. ಹತ್ತನೇ ತರಗತಿಯಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಡುವ ಪ್ರಯೋಗ ಇದೆ. 'ಬಣ್ಣ ಬದಲಾಯಿತು' ಎಂದು ಬರೆದು ಪೆನ್ ಕೆಳಗಿಡುವವರೇ ಜಾಸ್ತಿ. ಅದರ ಬದಲು 'ದ್ರಾವಣದ ನೀಲಿ ಬಣ್ಣ ಮಾಸಿತು, ಏಕೆಂದರೆ...' ಎಂದು ಕೊಡಿ. ಈಗ ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಅದು ತಾಮ್ರವನ್ನು ಹೊರದೂಡಿ ಆ ಜಾಗಕ್ಕೆ ಬಂತು ಎನ್ನುವವರೆಗೆ ಹೋಗಲೇಬೇಕು. ಮೊಳೆಯ ಮೇಲೆ ಕಂದು ಲೇಪ ಯಾಕೆ ಕೂತಿತು ಅನ್ನೋದು ಎರಡನೇ ವಾಕ್ಯ.

ಸಮಾಜ ವಿಜ್ಞಾನಕ್ಕೆ ಬಂದರೆ, 'ಹಲಗಲಿಯ ಬೇಡರು 1857ರಲ್ಲಿ ದಂಗೆ ಎದ್ದರು, ಏಕೆಂದರೆ...' ಎಂದಾಗ ಆಯುಧ ಕಸಿಯುವ ಕಾಯ್ದೆಯ ಮಾತು ಬರುತ್ತದೆ. ಅದೇ ವಾಕ್ಯಕ್ಕೆ 'ಆದರೆ' ಹಾಕಿ ನೋಡಿ, ಬ್ರಿಟಿಷರು ದಂಗೆ ಅಡಗಿಸಿದ ಕಥೆ ಬರುತ್ತದೆ. ಇಂಥ ಅರ್ಧ ವಾಕ್ಯಗಳಿಗೆ ಗೈಡ್‌ನಲ್ಲಿ ರೆಡಿ ಉತ್ತರ ಹುಡುಕೋದು ಕಷ್ಟ. ನಮಗೆ ಬೇಕಾದದ್ದೂ ಅದೇ!

ಗಣಿತದಲ್ಲಿ 'ಈ ಹಂತ ಯಾಕೆ?' ಅನ್ನೋದಕ್ಕೆ ಒಂದು ಸಾಲು ಸಾಕು.

ಎಲ್ಲರ ನೋಟ್‌ಬುಕ್ ತಿದ್ದಲು ಹೋಗಬೇಡಿ, ದೊಡ್ಡ ಕ್ಲಾಸಿನಲ್ಲಿ ಅದು ನಡೆಯುವ ಮಾತಲ್ಲ. ಎರಡು ಮೂರು ವಾಕ್ಯ ಓದಿಸಿ, ಬೋರ್ಡ್ ಮೇಲೆ ಎಲ್ಲರೂ ಸೇರಿ ತಿದ್ದಿ. ಕಾಗುಣಿತಕ್ಕೆ ಕೆಂಪು ಗೀಟು ಎಳೆಯೋದನ್ನು ಮಾತ್ರ ಶುರುವಿನಲ್ಲಿ ಬಿಡಿ. ಹೆದರಿದ ಮಕ್ಕಳು ಗೊತ್ತಿರುವ ನಾಲ್ಕು ಪದಗಳಲ್ಲೇ ಉತ್ತರ ಮುಗಿಸಿಬಿಡುತ್ತಾರೆ.