ಮುರಿದ ಬೋಲ್ಟ್ ಲ್ಯಾಬಿಗೆ ಬಂದಾಗ: ಕಂಪನಿಗಳ ಜೊತೆ ನಾವು ಕೆಲಸ ಮಾಡುವ ರೀತಿ

ಕಂಪನಿಯಿಂದ ಬರುವ ಮೊದಲ ಮೇಲ್‌ನಲ್ಲಿ ಸಾಮಾನ್ಯವಾಗಿ ಪ್ರಶ್ನೆಯೇ ಇರುವುದಿಲ್ಲ. 'ಈ ಸ್ಯಾಂಪಲ್‌ಗೆ ಎಸ್‌ಇಎಂ ಮಾಡಿಕೊಡಿ' ಅಂತ ಇರುತ್ತದೆ, ಅಂದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಚಿತ್ರ ತೆಗೆದುಕೊಡಿ ಎಂದು. ಹಾಗಾಗಿ ಮೈಕ್ರೋಸ್ಕೋಪ್ ಹತ್ತಿರ ಹೋಗುವ ಮುಂಚೆ ಒಂದು ಪುಟದ ಫಾರ್ಮ್ ತುಂಬಿಸಿಕೊಳ್ಳುತ್ತೇವೆ. ಏನು ಕೆಟ್ಟಿದೆ, ಯಾವ ಹಂತದಲ್ಲಿ ಕೆಟ್ಟಿತು, ನೂರರಲ್ಲಿ ಎಷ್ಟು, ಉತ್ತರ ಸಿಕ್ಕ ಮೇಲೆ ನೀವು ಏನನ್ನು ಬದಲಿಸಬಲ್ಲಿರಿ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ ಕೆಲಸ ಹಿಡಿಯುವುದಿಲ್ಲ. ಹಿಡಿದರೂ ನಮ್ಮ ಚಿತ್ರಗಳು ಯಾರದೋ ಪ್ರೆಸೆಂಟೇಷನ್‌ನ ಅಲಂಕಾರವಾಗುತ್ತವೆ, ಅಷ್ಟೇ.

12.9 ದರ್ಜೆಯ (ಬಹಳ ಗಟ್ಟಿ ಉಕ್ಕಿನ), ಸತು ಲೇಪಿಸಿದ ಬೋಲ್ಟ್ ತೆಗೆದುಕೊಳ್ಳಿ. 'ಮೆಟೀರಿಯಲ್ ಸರಿ ಇಲ್ಲ' ಎಂದು ಕಳಿಸಿರುತ್ತಾರೆ. ಬಿಗಿಯುವಾಗಲೇ ಮುರಿಯಿತೋ ಮರುದಿನವೋ ಎಂದು ಕೇಳಿದರೆ ಅರ್ಧ ತನಿಖೆ ಮುಗಿದಂತೆ. ತಡವಾಗಿ ಮುರಿದಿದ್ದರೆ ಮೊದಲ ಅನುಮಾನ, ಗಟ್ಟಿ ಉಕ್ಕನ್ನು ಪೆಡಸಾಗಿಸುವ ಹೈಡ್ರೋಜನ್ ಮೇಲೆ. ಆಸಿಡ್‌ನಲ್ಲಿ ತೊಳೆಯುವಾಗ, ವಿದ್ಯುತ್ ಲೇಪನ ಮಾಡುವಾಗ ಅದು ಉಕ್ಕಿನೊಳಗೆ ಸೇರುತ್ತದೆ. ಮೇಲೆ ಕೂತ ಸತು ಅದನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಅದಕ್ಕೇ ಲೇಪನವಾದ ನಾಲ್ಕು ಗಂಟೆಯೊಳಗೆ 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕಿಂಗ್‌ಗೆ ಹಾಕುವುದು ರೂಢಿ. ಓವನ್ ಖಾಲಿ ಇಲ್ಲವೆಂದು ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಹಾಕಿದರೆ, ಅಷ್ಟರಲ್ಲಿ ಸಣ್ಣ ಬಿರುಕು ಹುಟ್ಟಿದ್ದರೆ ಬೇಕಿಂಗ್ ಅದನ್ನು ಮುಚ್ಚುವುದಿಲ್ಲ.

ಹೈಡ್ರೋಜನ್ ಇಡಿಎಸ್‌ಗೆ, ಅಂದರೆ ಮೈಕ್ರೋಸ್ಕೋಪ್‌ನಲ್ಲೇ ಎಕ್ಸ್-ರೇ ಮೂಲಕ ಧಾತುಗಳನ್ನು ಗುರುತಿಸುವ ಉಪಕರಣಕ್ಕೆ, ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ವರದಿ ಓದಿದವರು 'ರಿಪೋರ್ಟ್‌ನಲ್ಲಿ ಹೈಡ್ರೋಜನ್ ಇಲ್ಲವಲ್ಲ' ಎನ್ನುತ್ತಾರೆ. ನಮ್ಮ ಸಾಕ್ಷ್ಯವೆಲ್ಲ ಸುತ್ತುಬಳಸಿನದು: ಮುರಿದ ಮೈಯಲ್ಲಿ ಕಣಗಳ ಗಡಿಗುಂಟ ಸಾಗಿದ ಬಿರುಕು, ಅಡ್ಡಕೊಯ್ತದ ಮೇಲೆ ವಿಕರ್ಸ್ ಗಡಸುತನ (ವಜ್ರದ ಮೊನೆ ಒತ್ತಿ ಅಳೆಯುವುದು), ಅದೇ ಬ್ಯಾಚಿನ ಮುರಿಯದ ಬೋಲ್ಟ್‌ಗಳನ್ನು 48 ಗಂಟೆ ಬಿಗಿದಿಟ್ಟ ಫಲಿತಾಂಶ. ಆದ್ದರಿಂದ ಮುರಿದದ್ದರ ಜೊತೆ ಮುರಿಯದ ಹತ್ತನ್ನಾದರೂ ಕಳಿಸಿ ಎನ್ನುತ್ತೇವೆ. ಉಕ್ಕಿನ ಕಾರ್ಬನ್ ಪ್ರಮಾಣವನ್ನೂ ಇಡಿಎಸ್‌ನಿಂದ ಹೇಳಬಾರದು. ಅದಕ್ಕೆ ಸ್ಪಾರ್ಕ್ ಸ್ಪೆಕ್ಟ್ರೋಮೀಟರ್ ಅಥವಾ ಉರಿಸಿ ಅಳೆಯುವ ಯಂತ್ರ ಬೇಕು.

ಸ್ಯಾಂಪಲ್ ಹಾಳಾಗುವುದು ಹೆಚ್ಚಾಗಿ ದಾರಿಯಲ್ಲೇ. ಮುರಿದ ಎರಡು ತುಂಡುಗಳನ್ನು ಜೋಡಿಸಿ 'ಕೂರುತ್ತದಾ' ಎಂದು ನೋಡುವ ಚಪಲ ಎಲ್ಲರಿಗೂ ಇದೆ. ಹಾಗೆ ಮಾಡಿದರೆ ನಮಗೆ ಬೇಕಾದ ಗುರುತುಗಳು ಉಜ್ಜಿಹೋಗುತ್ತವೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಸೋಡಿಯಂ, ಕ್ಲೋರಿನ್ ಇಡಿಎಸ್‌ನಲ್ಲಿ ಮೇಲೆದ್ದು, ಇಲ್ಲದ ತುಕ್ಕಿನ ಕಥೆ ಹೇಳುತ್ತವೆ. ಗ್ರೈಂಡರ್‌ನಲ್ಲಿ ಒಣದಾಗಿ ಕೊಯ್ದರೆ ಅಂಚು ಕಾದು ಹದವೇ ಬದಲಾಗುತ್ತದೆ. ಕೈಗವಸು ಹಾಕಿ ಪ್ರತಿ ತುಂಡನ್ನೂ ಬೇರೆ ಪೊಟ್ಟಣದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಕಳಿಸಿದರೆ ಸಾಕು.

ಒಪ್ಪಂದವನ್ನು ಎರಡು ದಾರಿಯಲ್ಲಿ ಮಾಡುತ್ತೇವೆ. ವಾರಗಳಲ್ಲಿ ಮುಗಿಯುವ ಪರೀಕ್ಷೆ ಶುಲ್ಕದ ಕೆಲಸ; ಲ್ಯಾಬಿನ ತಾಂತ್ರಿಕ ಸಿಬ್ಬಂದಿ ಮಾಡುತ್ತಾರೆ, ಫಲಿತಾಂಶ ಕಂಪನಿಯದು. ವರ್ಷಗಟ್ಟಲೆ ನಡೆಯುವ ಸಂಶೋಧನೆ ವಿದ್ಯಾರ್ಥಿಗೆ. ಇವೆರಡನ್ನು ಬೆರೆಸಿದರೆ ಪಿಎಚ್‌ಡಿ ಹುಡುಗಿ ಮೂರು ತಿಂಗಳಿಗೊಮ್ಮೆ ಬರುವ ತುರ್ತು ಪರೀಕ್ಷೆಗಳಲ್ಲಿ ಮುಳುಗಿ, ಅವಳ ಥೀಸಿಸ್ ಅಲ್ಲೇ ನಿಲ್ಲುತ್ತದೆ.

ಸಹಿ ಹಾಕುವ ಮುಂಚೆ ನಾನು ಮೊದಲು ತಿರುವಿಹಾಕುವುದು ಪ್ರಕಟಣೆಯ ಷರತ್ತನ್ನು. 'ಕಂಪನಿಯ ಅನುಮತಿ ಇಲ್ಲದೆ ಪ್ರಕಟಿಸುವಂತಿಲ್ಲ' ಎಂಬ ಸಾಲಿದ್ದರೆ ಹೊಡೆದುಹಾಕಿಸುತ್ತೇವೆ. ಅದರ ಬದಲು: ಓದಿ ನೋಡಲು 30 ದಿನ, ಪೇಟೆಂಟ್ ಅರ್ಜಿ ಹಾಕುವುದಿದ್ದರೆ ಇನ್ನೂ 60 ದಿನ, ಆಮೇಲೆ ತಡೆಯಿಲ್ಲ. ಮಿಶ್ರಲೋಹದ ನಿಖರ ಪಾಕ ಗುಟ್ಟಾಗಿರಬೇಕಿದ್ದರೆ ಪ್ರಬಂಧದಲ್ಲಿ ಸ್ಯಾಂಪಲ್‌ಗೆ ಸಂಕೇತನಾಮ ಕೊಡಬಹುದು, ಆದರೆ ಅದನ್ನು ಪರೀಕ್ಷಕರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕಂಪನಿಯ ಆತಂಕವೂ ಸುಳ್ಳಲ್ಲ. ಅರ್ಜಿಗೆ ಮುಂಚೆ ವಿದ್ಯಾರ್ಥಿ ಒಂದು ಪೋಸ್ಟರ್ ತೋರಿಸಿದರೂ ಯುರೋಪಿನಲ್ಲಿ ಆ ಆವಿಷ್ಕಾರದ ಹೊಸತನ ಹೋದಂತೆಯೇ. ಎರಡೂ ಕಡೆಯವರು ಮೊದಲಿನಿಂದ ತಂದ ಜ್ಞಾನದ ಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸಬೇಕು. ಇಲ್ಲದಿದ್ದರೆ ಆಮೇಲೆ ಯಾರದ್ದು ಯಾವುದು ಎಂಬ ಜಗಳ ಬಿಡಿಸುವುದು ಕಷ್ಟ.

ವರದಿ ಕೊಟ್ಟ ಮೇಲೂ ಸ್ಯಾಂಪಲ್ ಎಸೆಯುವುದಿಲ್ಲ. ಉಳಿದ ಅರ್ಧ ತುಂಡು ಚೀಟಿ ಸಮೇತ, ತೇವ ತಾಗದ ಡೆಸಿಕೇಟರ್ ಪೆಟ್ಟಿಗೆಯಲ್ಲಿರುತ್ತದೆ, ಎಷ್ಟು ಕಾಲ ಎಂಬುದನ್ನು ಒಪ್ಪಂದದಲ್ಲೇ ಬರೆದಿರುತ್ತೇವೆ. ಲೇಪನ ಮಾಡಿದವರು ವರದಿಯನ್ನು ಒಪ್ಪದಿದ್ದರೆ, ಬೇರೆ ಲ್ಯಾಬಿನವರು ಕೇಳುವುದು ಆ ತುಂಡನ್ನೇ.