ಹಳೆಯ ಆಂಟ್‌ಮೈನರ್‌ನಿಂದ ಹಣ ಉಳಿಸುವುದು: ಯೂನಿಟ್ ಲೆಕ್ಕದಿಂದ ಹ್ಯಾಶ್‌ಬೋರ್ಡ್ ರಿಪೇರಿವರೆಗೆ

ಬಿಟ್‌ಕಾಯಿನ್ ಮೈನಿಂಗ್‌ನಲ್ಲಿ, ಅಂದರೆ ಯಂತ್ರದಿಂದ ಲೆಕ್ಕ ಹಾಕಿಸಿ ಬಿಟ್‌ಕಾಯಿನ್ ಗಳಿಸುವ ಕೆಲಸದಲ್ಲಿ, ಕೈಗೆ ಏನಾದರೂ ಉಳಿಯುತ್ತದೋ ಇಲ್ಲವೋ ಎಂಬುದನ್ನು ಒಂದೇ ಅಂಕಿ ಹೇಳಿಬಿಡುತ್ತದೆ: ಕರೆಂಟ್ ಯೂನಿಟ್‌ಗೆ ಎಷ್ಟು ರೂಪಾಯಿ ಇದ್ದರೆ ಆದಾಯ, ಖರ್ಚು ಸರಿಸಮ ಆಗುತ್ತದೆ ಎನ್ನುವ ಅಂಕಿ, ಅಂದರೆ ಸಮಬಿಂದು. ಯಂತ್ರ ಕೊಳ್ಳುವಾಗಲೂ, ಕೆಟ್ಟ ಹ್ಯಾಶ್‌ಬೋರ್ಡನ್ನು (ಲೆಕ್ಕ ಹಾಕುವ ಚಿಪ್ಪುಗಳಿರುವ ಬೋರ್ಡು) ರಿಪೇರಿಗೆ ಕೊಡಬೇಕೇ ಎಂದು ಯೋಚಿಸುವಾಗಲೂ ಅದು ಕೈಯಲ್ಲಿರಬೇಕು. ಇಲ್ಲಿ ಬಿಟ್‌ಮೈನ್ ಕಂಪನಿಯ ಮೈನಿಂಗ್ ಯಂತ್ರ ಆಂಟ್‌ಮೈನರ್ ಎಸ್19ಜೆ ಪ್ರೊ, 100 ಟೆರಾಹ್ಯಾಶ್ (ಸೆಕೆಂಡಿಗೆ 100 ಲಕ್ಷ ಕೋಟಿ ಲೆಕ್ಕ ಹಾಕುವ) ಮಾದರಿಯನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಯಂತ್ರ ಇದು, ಇದರ ಕಾಯಿಲೆಗಳೂ ಚೆನ್ನಾಗಿ ಗೊತ್ತಿರುವಂಥವು.

ಮೊದಲು ಲೆಕ್ಕ

ಈ ಯಂತ್ರ ಎಳೆಯುವುದು 3,050 ವ್ಯಾಟ್. ದಿನಕ್ಕೆ 73.2 ಯೂನಿಟ್, ತಿಂಗಳಿಗೆ ಸುಮಾರು 2,200 ಯೂನಿಟ್. ಮಧ್ಯಮ ವರ್ಗದ ಮನೆಯೊಂದು ವರ್ಷವಿಡೀ ಬಳಸುವಷ್ಟು ಕರೆಂಟನ್ನು ಇದು ತಿಂಗಳಲ್ಲೇ ತಿನ್ನಬಹುದು.

ಇನ್ನು ಆದಾಯ. 2024ರ ಏಪ್ರಿಲ್‌ನ ಹಾವಿಂಗ್ (ಮೈನರ್‌ಗಳಿಗೆ ಸಿಗುವ ಬಹುಮಾನ ಅರ್ಧಕ್ಕಿಳಿಯುವುದು) ನಂತರ ಒಂದು ಬ್ಲಾಕಿಗೆ (ವಹಿವಾಟುಗಳ ಒಂದು ಕಂತೆಗೆ) 3.125 ಬಿಟ್‌ಕಾಯಿನ್. ಹತ್ತು ನಿಮಿಷಕ್ಕೊಂದು ಬ್ಲಾಕ್ ಎಂದರೆ ದಿನಕ್ಕೆ 144 ಬ್ಲಾಕ್, ಇಡೀ ಜಗತ್ತಿಗೆ 450 ಬಿಟ್‌ಕಾಯಿನ್. ಅದರಲ್ಲಿ ನಿಮ್ಮ ಪಾಲು ಎಂದರೆ ಜಾಲದ ಒಟ್ಟು ಹ್ಯಾಶ್‌ರೇಟ್‌ನಲ್ಲಿ (ಲೆಕ್ಕ ಹಾಕುವ ವೇಗದಲ್ಲಿ) ನಿಮ್ಮ ಯಂತ್ರದ ಪಾಲು. ಲೆಕ್ಕಕ್ಕೆಂದು ಜಾಲದ ಬಲ 1,000 ಎಕ್ಸಾಹ್ಯಾಶ್ (ಒಂದು ಎಕ್ಸಾಹ್ಯಾಶ್ ಎಂದರೆ 10 ಲಕ್ಷ ಟೆರಾಹ್ಯಾಶ್), ಬಿಟ್‌ಕಾಯಿನ್ ಬೆಲೆ 80 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಲೆಕ್ಕ ಹಾಕುವ ದಿನದ ಅಂಕಿಗಳನ್ನು ಈ ಜಾಗದಲ್ಲಿ ಹಾಕಿಕೊಳ್ಳಿ. 100 ಟೆರಾಹ್ಯಾಶ್ ಅದರಲ್ಲಿ ಕೋಟಿಗೊಂದು ಪಾಲು. ದಿನಕ್ಕೆ 4,500 ಸಟೋಶಿ (ಒಂದು ಸಟೋಶಿ ಎಂದರೆ ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲೊಂದು ಭಾಗ), ಅಂದರೆ 360 ರೂಪಾಯಿ. ಹಲವು ಮೈನರ್‌ಗಳ ಬಲ ಒಟ್ಟುಗೂಡಿಸಿ ಆದಾಯ ಹಂಚುವ ಪೂಲ್‌ನವರ ಶುಲ್ಕ ಶೇ 2 ಎಂದುಕೊಂಡರೆ ಉಳಿಯುವುದು 353. ಇದನ್ನು 73.2ರಿಂದ ಭಾಗಿಸಿದರೆ 4 ರೂಪಾಯಿ 82 ಪೈಸೆ. ಯೂನಿಟ್ ದರ ಇದನ್ನು ದಾಟಿತೆಂದರೆ ಯಂತ್ರ ಓಡಿದಷ್ಟೂ ನಷ್ಟ.

ಭಾರತದಲ್ಲಿದ್ದವರಿಗೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. 2022ರ ಬಜೆಟ್ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಹಾಕಿತು. ಶೇ 4 ಸೆಸ್ ಸೇರಿ 31.2. ಮೈನಿಂಗ್‌ಗೆ ಮಾಡಿದ ಮೂಲಸೌಕರ್ಯದ ಖರ್ಚನ್ನು ಕೊಂಡ ಬೆಲೆಯೆಂದು ಪರಿಗಣಿಸುವುದಿಲ್ಲ ಎಂದು ಸರ್ಕಾರ ಅದೇ ವರ್ಷ ಸಂಸತ್ತಿನಲ್ಲಿ ಹೇಳಿದೆ. ಹಾಗಾಗಿ ಕರೆಂಟ್ ಬಿಲ್ಲನ್ನು ಕಳೆಯದೆ, ಬಂದದ್ದೆಲ್ಲಕ್ಕೂ ತೆರಿಗೆ ಕಟ್ಟಬೇಕಾದೀತು ಎಂದೇ ಲೆಕ್ಕ ಹಾಕುವುದು ಕ್ಷೇಮ. 353 ರೂಪಾಯಿಯಲ್ಲಿ ಉಳಿಯುವುದು 243. ಸಮಬಿಂದು 3 ರೂಪಾಯಿ 32 ಪೈಸೆಗೆ ಇಳಿಯುತ್ತದೆ. ನಿಮ್ಮ ಸ್ಥಿತಿಗೆ ಏನು ಅನ್ವಯಿಸುತ್ತದೆ ಎಂಬುದನ್ನು ಯಂತ್ರ ಕೊಳ್ಳುವ ಮುಂಚೆಯೇ ಲೆಕ್ಕಪರಿಶೋಧಕರ ಹತ್ತಿರ ಕೇಳಿ.

ಈಗ ನಿಮ್ಮ ಎಸ್ಕಾಂ ಬಿಲ್ ತೆಗೆಯಿರಿ. ಮೇಲೆ ಬರೆದ ಯೂನಿಟ್ ದರ ನೋಡಬೇಡಿ. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿದ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಅದನ್ನೂ ಏರಿಸಬೇಕು, ಅದರೊಂದಿಗೆ ನಿಗದಿತ ಶುಲ್ಕವೂ ಏರುತ್ತದೆ. ಕರ್ನಾಟಕದ ಮನೆ ಕರೆಂಟ್‌ನಲ್ಲಿ ಈ ಯಂತ್ರ ಮೇಲಿನ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ಇದನ್ನು ಮುಚ್ಚಿಟ್ಟು ಯಂತ್ರ ಮಾರುವವರ ಮಾತು ಕೇಳಬೇಡಿ. ಮುಂದಿನ ಪೀಳಿಗೆಯ ಎಸ್21 (200 ಟೆರಾಹ್ಯಾಶ್, 3,500 ವ್ಯಾಟ್) ಇದೇ ಲೆಕ್ಕದಲ್ಲಿ, ತೆರಿಗೆ ಕಳೆದು, 5 ರೂಪಾಯಿ 78 ಪೈಸೆಯವರೆಗೆ ತಡೆದುಕೊಳ್ಳುತ್ತದೆ. ಆದರೆ ಯಂತ್ರದ ಬೆಲೆಯನ್ನು ಇನ್ನೂ ಇದರಲ್ಲಿ ಸೇರಿಸಿಲ್ಲ.

ಚಾವಣಿ ಮೇಲೆ ಸೋಲಾರ್ ಇದೆ, ಕರೆಂಟ್ ಪುಕ್ಕಟೆ ಅನ್ನುವವರು ಇನ್ನೊಂದು ಮಾತು ಗಮನಿಸಬೇಕು. ಆ ಯೂನಿಟ್ ಗ್ರಿಡ್‌ಗೆ ಹೋದರೆ ನಿಮಗೆ ಎಷ್ಟು ಸಿಗುತ್ತಿತ್ತೋ ಅದೇ ನಿಮ್ಮ ಕರೆಂಟ್ ಬೆಲೆ. ಚಳಿದೇಶಗಳಲ್ಲಿರುವ ಕನ್ನಡಿಗರ ಲೆಕ್ಕ ಬೇರೆ. ಮನೆ ಬೆಚ್ಚಗಿಡಲು ಸಾಮಾನ್ಯ ವಿದ್ಯುತ್ ಹೀಟರ್ ಉರಿಸುವ ಮನೆಯಲ್ಲಿ ಈ ಯಂತ್ರ 3 ಕಿಲೋವ್ಯಾಟ್ ಹೀಟರ್‌ನಷ್ಟೇ ಬಿಸಿ ಕೊಡುತ್ತದೆ. ಆ ಕರೆಂಟ್ ಹೇಗೂ ಖರ್ಚಾಗುತ್ತಿತ್ತು. ಹೀಟ್ ಪಂಪ್ ಇರುವ ಮನೆಗೆ ಈ ಮಾತು ಹೊಂದದು, ಅದು ಅಷ್ಟೇ ಬಿಸಿಯನ್ನು ಮೂರನೇ ಒಂದು ಪಾಲು ಕರೆಂಟ್‌ನಲ್ಲಿ ಕೊಡಬಲ್ಲದು.

ಜಾಲದ ಡಿಫಿಕಲ್ಟಿ (ಬ್ಲಾಕ್ ಹುಡುಕುವುದು ಎಷ್ಟು ಕಷ್ಟ ಎಂಬ ಅಳತೆ) 2,016 ಬ್ಲಾಕಿಗೊಮ್ಮೆ, ಅಂದರೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಬದಲಾಗುತ್ತದೆ. ಲೆಕ್ಕವನ್ನೂ ಆಗಲೇ ಹೊಸದಾಗಿ ಹಾಕಿ.

ವೈರಿಂಗ್ ಮತ್ತು ಗಾಳಿ

230 ವೋಲ್ಟ್‌ನಲ್ಲಿ ಯಂತ್ರ 13.3 ಆಂಪಿಯರ್ ಎಳೆಯುತ್ತದೆ, ಅದೂ ದಿನದ 24 ಗಂಟೆ. ಗೀಸರ್ ಕೂಡ ಅಷ್ಟೇ ಎಳೆಯುತ್ತದಲ್ಲ ಎನ್ನಬೇಡಿ, ಗೀಸರ್ ಕಾಲು ಗಂಟೆಗೆ ಕಟ್ ಆಗುತ್ತದೆ. ಮೇನ್ ಬೋರ್ಡ್‌ನಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ, ಈ ಯಂತ್ರಕ್ಕೇ ಮೀಸಲು. ಪವರ್ ಸಪ್ಲೈಗೆ ಎರಡು ಕಾರ್ಡ್ ಇವೆ, ಎರಡನ್ನೂ ಬೇರೆ ಬೇರೆ 16 ಆಂಪಿಯರ್ ಸಾಕೆಟ್‌ಗೆ, ಆದರೆ ಒಂದೇ ಫೇಸ್‌ಗೆ ಹಾಕಿ. ಆ ಕಾರ್ಡ್‌ಗಳ ಸಾಮರ್ಥ್ಯ ತಲಾ 10 ಆಂಪಿಯರ್. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಒಂದು ಗಂಟೆ ಓಡಿಸಿ ಎಂಸಿಬಿ ಆಫ್ ಮಾಡಿ, ಪ್ಲಗ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಿದ್ದರೆ ಸಾಕೆಟ್ ಒಳಗೆ ಸ್ಕ್ರೂ ಸಡಿಲವಾಗಿದೆ.

ಪವರ್ ಸಪ್ಲೈ ಕೇಳುವುದು 200ರಿಂದ 240 ವೋಲ್ಟ್. ಹಳ್ಳಿಗಳಲ್ಲಿ ತ್ರೀ ಫೇಸ್ ಬಂದು ಪಂಪ್‌ಸೆಟ್‌ಗಳು ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ಸರಿರಾತ್ರಿ 250 ದಾಟುವುದೂ ಉಂಟು. ಅಂಥ ಕಡೆ 5 ಕೆವಿಎ ಸರ್ವೊ ಸ್ಟೆಬಿಲೈಸರ್ ಹಾಕಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ 3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮೊದಲು ಅರ್ಥಿಂಗ್ ಸರಿಮಾಡಿಸಿ.

ತಂಪಿಗೆ ಏಸಿ ಹಾಕುವುದು ಬಹಳ ಜನ ಮಾಡುವ ತಪ್ಪು. ಒಂದು ಟನ್ ಏಸಿ ಹೊರಹಾಕುವುದು 3.5 ಕಿಲೋವ್ಯಾಟ್ ಬಿಸಿ, ಅದೇ ಹೊತ್ತಿಗೆ ಸುಮಾರು ಒಂದು ಕಿಲೋವ್ಯಾಟ್ ತಿನ್ನುತ್ತದೆ. ಖರ್ಚು ಹೆಚ್ಚುಕಡಿಮೆ ಮೂರನೇ ಒಂದರಷ್ಟು ಏರಿ, ಸಮಬಿಂದು ಸುಮಾರು ಕಾಲು ಭಾಗ ಕೆಳಗೆ ಹೋಗುತ್ತದೆ. ಬಿಸಿಗಾಳಿಯನ್ನು ಹೊರಗೆ ತಳ್ಳಿದರೆ ಸಾಕು. ಒಳಬರುವ ಗಾಳಿಗಿಂತ ಹೊರಹೋಗುವ ಗಾಳಿ 10 ಡಿಗ್ರಿ ಮಾತ್ರ ಹೆಚ್ಚು ಬಿಸಿ ಇರಬೇಕೆಂದರೆ ಗಂಟೆಗೆ ಸುಮಾರು 900 ಘನ ಮೀಟರ್ ಗಾಳಿ ಬೇಕು. ಜಾಲರಿ, ಡಕ್ಟ್ ಎಲ್ಲ ಗಾಳಿಯನ್ನು ತಡೆಯುವುದರಿಂದ ಲೇಬಲ್ ಮೇಲೆ 1,500 ಘನ ಮೀಟರ್ ಇರುವ ಎಕ್ಸಾಸ್ಟ್ ಫ್ಯಾನ್ ತನ್ನಿ. ಗಾಳಿ ಒಳಬರಲು ಕನಿಷ್ಠ 35 ಸೆಂಟಿಮೀಟರ್ ಚೌಕದ ಕಿಂಡಿ ಎದುರುಗೋಡೆಯಲ್ಲಿರಲಿ. ಹೊರಹೋದ ಬಿಸಿಗಾಳಿ ಸುತ್ತಿ ಮತ್ತೆ ಒಳಕ್ಕೆ ಬರುತ್ತಿದ್ದರೆ ಎಷ್ಟು ಫ್ಯಾನ್ ಹಾಕಿದರೂ ಪ್ರಯೋಜನವಿಲ್ಲ. ಸದ್ದು 75 ಡೆಸಿಬೆಲ್ ಆಸುಪಾಸು, ಮಲಗುವ ಕೋಣೆಯ ಪಕ್ಕದ ಗೋಡೆ ಬೇಡ.

ಬಯಲುಸೀಮೆಯಲ್ಲಿ ಕೆಂಧೂಳು, ಕರಾವಳಿಯಲ್ಲಿ ಉಪ್ಪು ಗಾಳಿ. ಧೂಳಿನ ಮೇಲೆ ಮಳೆಗಾಲದ ತೇವ ಕೂತರೆ ಅದೇ ಲೀಕೇಜ್ ದಾರಿಯಾಗಿ ಚಿಪ್ಪುಗಳ ಕಾಲುಗಳನ್ನು ಹಸಿರುಗಟ್ಟಿಸುತ್ತದೆ. ತಿಂಗಳಿಗೊಮ್ಮೆ ಯಂತ್ರ ಆಫ್ ಮಾಡಿ ಬ್ಲೋವರ್ ಹಿಡಿಯಿರಿ. ಆಗ ಫ್ಯಾನ್ ರೆಕ್ಕೆಗಳನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು. ಗಾಳಿಗೆ ವೇಗವಾಗಿ ತಿರುಗಿದ ಫ್ಯಾನ್ ತಾನೇ ವಿದ್ಯುತ್ ಹುಟ್ಟಿಸಿ ಕಂಟ್ರೋಲ್ ಬೋರ್ಡ್‌ಗೆ ಕಳಿಸಬಹುದು.

ವೇಗ ಇಳಿಸಿ, ಲಾಭ ಏರಿಸಿ

ಚಿಪ್ ತಿನ್ನುವ ವಿದ್ಯುತ್ ಫ್ರೀಕ್ವೆನ್ಸಿಯ ಜತೆ ನೇರವಾಗಿಯೂ ವೋಲ್ಟೇಜ್‌ನ ಜತೆ ಅದರ ವರ್ಗದಷ್ಟೂ ಏರುತ್ತದೆ. ಫ್ರೀಕ್ವೆನ್ಸಿಯನ್ನು ಶೇ 20, ವೋಲ್ಟೇಜನ್ನು ಶೇ 8 ಇಳಿಸಿದರೆ ಹ್ಯಾಶ್‌ರೇಟ್ 80 ಟೆರಾಹ್ಯಾಶ್‌ಗೆ ಬಂದರೂ ವಿದ್ಯುತ್ ಸುಮಾರು 2,065 ವ್ಯಾಟ್‌ಗೆ ಕುಸಿಯುತ್ತದೆ. ಟೆರಾಹ್ಯಾಶ್‌ಗೆ 30.5 ಜೂಲ್ ಇದ್ದದ್ದು 26ರ ಹತ್ತಿರ. ತೆರಿಗೆ ಕಳೆದ ಸಮಬಿಂದು 3 ರೂಪಾಯಿ 32 ಪೈಸೆಯಿಂದ 3 ರೂಪಾಯಿ 90 ಪೈಸೆಯತ್ತ ಏರುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ. ಬ್ರೇನ್ಸ್ ಓಎಸ್, ವಿನಿಶ್, ಲಕ್ಸ್ ಓಎಸ್ ಫರ್ಮ್‌ವೇರ್‌ಗಳಲ್ಲಿ (ಯಂತ್ರವನ್ನು ನಡೆಸುವ ತಂತ್ರಾಂಶಗಳಲ್ಲಿ) ವ್ಯಾಟ್ ಗುರಿ ಕೊಟ್ಟರೆ ಚಿಪ್ಪುಗಳನ್ನು ಅವೇ ಹೊಂದಿಸುತ್ತವೆ; ಅವುಗಳ ಡೆವಲಪರ್ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಫರ್ಮ್‌ವೇರನ್ನು ತಯಾರಿಸಿದವರ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಗೆಳೆಯರು ಕಳಿಸಿದ ಫೈಲ್‌ನಲ್ಲಿ ಪೂಲ್ ವಿಳಾಸ ಬೇರೆಯವರದ್ದಿರಬಹುದು.

ಅದಕ್ಕೇ ಯಂತ್ರ ಬಂದ ದಿನವೇ ಬಳಕೆದಾರರ ಹೆಸರೂ ರೂಟ್, ಪಾಸ್‌ವರ್ಡೂ ರೂಟ್ ಎಂದಿರುವ ಮೂಲ ಪಾಸ್‌ವರ್ಡ್ ಬದಲಿಸಿ, ರೌಟರ್‌ನಲ್ಲಿ ಯಂತ್ರದ ಪೋರ್ಟನ್ನು ಹೊರಜಗತ್ತಿಗೆ ತೆರೆಯಬೇಡಿ. ಮೂರು ಪೂಲ್ ಜಾಗಗಳನ್ನೂ ತುಂಬಿ. ತಿಂಗಳ ಬಿಲ್ ಕಟ್ಟಬೇಕಾದವರಿಗೆ ಎಫ್‌ಪಿಪಿಎಸ್ ಪಾವತಿ (ಪೂಲ್‌ಗೆ ಬ್ಲಾಕ್ ಸಿಗಲಿ ಬಿಡಲಿ, ಮಾಡಿದ ಕೆಲಸಕ್ಕೆ ಹಣ ಕೊಡುವ ಪದ್ಧತಿ) ಒಳ್ಳೆಯದು, ಪೂಲ್‌ನ ಅದೃಷ್ಟದಿಂದ ದಿನದ ಆದಾಯ ಏರುಪೇರಾಗುವುದಿಲ್ಲ. ಒಂದೇ ಯಂತ್ರ ಇಟ್ಟುಕೊಂಡು, ಪೂಲ್ ಇಲ್ಲದೆ, ಸೋಲೊ ಮೈನಿಂಗ್‌ಗೆ ಕೂತರೆ ಮೇಲಿನ ಲೆಕ್ಕದಂತೆ ಒಂದು ಬ್ಲಾಕ್ ಸಿಗಲು ಸರಾಸರಿ 190 ವರ್ಷ ಬೇಕು.

ಕೆಟ್ಟಾಗ

ಮೊದಲು ಕರ್ನಲ್ ಲಾಗ್ (ಯಂತ್ರ ತನ್ನ ಸ್ಥಿತಿಯನ್ನು ಬರೆದಿಡುವ ದಾಖಲೆ) ಓದಿ, ಸ್ಕ್ರೂಡ್ರೈವರ್ ಆಮೇಲೆ. ದೂರದಿಂದ ಬಂದ ಯಂತ್ರವಾದರೆ ಕರೆಂಟ್ ಕೊಡುವ ಮೊದಲು ಮೆಲ್ಲಗೆ ಅಲುಗಾಡಿಸಿ. ಒಳಗೆ ಕಟಕಟ ಸದ್ದಾದರೆ ಹೀಟ್‌ಸಿಂಕ್ ಕಳಚಿದೆ; ಹಾಗೇ ಆನ್ ಮಾಡಿದರೆ ಆ ಲೋಹದ ತುಂಡು ಬೋರ್ಡನ್ನೇ ಶಾರ್ಟ್ ಮಾಡಿ ಸುಡುತ್ತದೆ.

ಲಾಗ್‌ನಲ್ಲಿ ಅತಿ ಹೆಚ್ಚು ಕಾಣುವ ದೂರು ಯಾವುದೋ ಒಂದು ಚೈನ್‌ನಲ್ಲಿ (ಹ್ಯಾಶ್‌ಬೋರ್ಡ್‌ನಲ್ಲಿ) 0 ಏಸಿಕ್ (ಮೈನಿಂಗ್ ಚಿಪ್) ಸಿಕ್ಕಿದೆ ಎನ್ನುವುದು. ಸರಿಯಿದ್ದರೆ ಪ್ರತಿ ಬೋರ್ಡ್‌ಗೂ 126 ಸಿಗಬೇಕು. ಕರೆಂಟ್ ತೆಗೆದು ಐದು ನಿಮಿಷ ಬಿಡಿ. ಆ ಬೋರ್ಡಿನ ಡೇಟಾ ಕೇಬಲ್ ಬಿಚ್ಚಿ ಮತ್ತೆ ಕೂರಿಸಿ, ಪವರ್ ಪಟ್ಟಿಯ ಸ್ಕ್ರೂಗಳನ್ನು ಬಿಗಿ ಮಾಡಿ. ಆಗಲೂ ಬರದಿದ್ದರೆ ಒಳ್ಳೆಯ ಬೋರ್ಡಿನ ಕೇಬಲನ್ನು ಇದಕ್ಕೂ ಇದರದ್ದನ್ನು ಅದಕ್ಕೂ ಹಾಕಿ. ದೋಷ ಕೇಬಲ್ ಜತೆ ಹೋದರೆ ಕೇಬಲ್ ಬದಲಿಸಿ. ಕೇಬಲ್ ಬದಲಾದರೂ ಕಂಟ್ರೋಲ್ ಬೋರ್ಡಿನ ಅದೇ ಕನೆಕ್ಟರ್‌ನಲ್ಲಿ ಉಳಿದರೆ ಕಂಟ್ರೋಲ್ ಬೋರ್ಡ್. ಹ್ಯಾಶ್‌ಬೋರ್ಡ್ ಜತೆ ಹೋದರೆ ಹ್ಯಾಶ್‌ಬೋರ್ಡೇ ಕೆಟ್ಟಿದೆ. ಹತ್ತು ನಿಮಿಷದ ಈ ಅದಲುಬದಲು ಮಾಡದೆ ಬೋರ್ಡನ್ನು ರಿಪೇರಿಗೆ ಕಳಿಸಬೇಡಿ.

ಲಾಗ್ 57 ಎಂದು ತೋರಿಸಿದರೆ ಅದು ಒಳ್ಳೆಯ ಸುಳಿವು. ಚಿಪ್ಪುಗಳು ಸರಪಳಿಯಂತೆ ಒಂದರ ಹಿಂದೊಂದು: ಆಜ್ಞೆ 1ರಿಂದ 126ರತ್ತ ಹೋಗುತ್ತದೆ, ಉತ್ತರ 126ರಿಂದ 1ರತ್ತ ವಾಪಸ್ ಬರುತ್ತದೆ. 57ರವರೆಗೆ ಸಿಕ್ಕಿದೆ ಎಂದರೆ ಸರಪಳಿ ಕಡಿದಿರುವುದು 57, 58ರ ಆಸುಪಾಸು. ಬೋರ್ಡಿನ ಚಿಪ್ಪುಗಳು ಮೂರು ಮೂರರ 42 ಡೊಮೈನ್‌ಗಳಾಗಿ ಸರಣಿಯಲ್ಲಿ ಜೋಡಿಸಿರುವುದರಿಂದ ಬೋರ್ಡಿಗೆ ಬರುವ ವೋಲ್ಟೇಜನ್ನು 42ರಿಂದ ಭಾಗಿಸಿದಷ್ಟು ಪ್ರತಿ ಡೊಮೈನ್‌ನಲ್ಲೂ ಕಾಣಬೇಕು; 13.5 ವೋಲ್ಟ್‌ಗೆ ತಲಾ 0.32. ಯಾವುದೋ ಒಂದರಲ್ಲಿ ಸೊನ್ನೆಯ ಹತ್ತಿರ ಬಂದರೆ ಅಲ್ಲಿಯ ಚಿಪ್ ಶಾರ್ಟ್. ಅಲ್ಲಿಂದ ಮುಂದೆ ಚಿಪ್ ತೆಗೆದು ಕೂರಿಸಲು ಹಾಟ್ ಏರ್ ಸ್ಟೇಷನ್, ಬೋರ್ಡ್ ಪರೀಕ್ಷಿಸುವ ಟೆಸ್ಟ್ ಜಿಗ್ ಬೇಕು. ಕೈ ಪಳಗದವರು ಪಕ್ಕದ ಚಿಪ್ಪನ್ನೂ ಕೆಡಿಸುತ್ತಾರೆ.

ಫ್ಯಾನ್ ಲಾಸ್ಟ್ ಎಂದು ಬಂದರೆ ನಾಲ್ಕು ಫ್ಯಾನ್‌ಗಳ ಪ್ಲಗ್‌ಗಳನ್ನು ಅದಲುಬದಲು ಮಾಡಿ ಕಂಡುಹಿಡಿಯಿರಿ. ಒಂದು ಕೆಟ್ಟರೂ ಯಂತ್ರ ನಿಲ್ಲುತ್ತದೆ. ಟೆಂಪರೇಚರ್ ಟೂ ಹೈ ಎಂದು ನಿಂತರೆ ಕೋಣೆಯ ಗಾಳಿಯನ್ನು ಮೊದಲು ಶಂಕಿಸಿ. ಮೂರರಲ್ಲಿ ಒಂದೇ ಬೋರ್ಡ್ ಮಾತ್ರ ಬಿಸಿಯಾಗಿದ್ದರೆ ಆ ಸಂದಿಯಲ್ಲಿ ಧೂಳು ಕಟ್ಟಿದೆ. ದಿನದ ಒಂದೇ ಹೊತ್ತಿನಲ್ಲಿ ರೀಬೂಟ್ ಆಗುತ್ತಿದ್ದರೆ ಯಂತ್ರ ಬಿಚ್ಚಬೇಡಿ, ಆ ಹೊತ್ತಿನ ವೋಲ್ಟೇಜ್ ಅಳೆಯಿರಿ. ಪೂಲ್ ಸಂಪರ್ಕವೇ ಸಿಗದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಪರೀಕ್ಷಿಸಿ, ಆಗ ಸಿಕ್ಕರೆ ಇಂಟರ್‌ನೆಟ್ ಕಂಪನಿ 3333 ಪೋರ್ಟ್ ತಡೆಹಿಡಿದಿದೆ. ಪೂಲ್‌ನವರು ಕೊಡುವ 443 ಪೋರ್ಟ್ ಹಾಕಿ.

ಪೂಲ್ ತೋರಿಸುವ ಹ್ಯಾಶ್‌ರೇಟ್ ಹತ್ತು ನಿಮಿಷಕ್ಕೊಮ್ಮೆ ಕುಣಿಯುತ್ತದೆ, 24 ಗಂಟೆಯ ಸರಾಸರಿ ನೋಡಿ. ಅದು ಯಂತ್ರ ಹೇಳಿದ್ದಕ್ಕಿಂತ ಶೇ 3ಕ್ಕೂ ಹೆಚ್ಚು ಕಡಿಮೆಯಿದ್ದರೆ ರಿಜೆಕ್ಟ್ ಪ್ರಮಾಣ (ಪೂಲ್ ತಿರಸ್ಕರಿಸಿದ ಕೆಲಸದ ಪಾಲು) ನೋಡಿ. ಅದು ಶೇ 1ರೊಳಗಿದ್ದರೆ ದೋಷ ಯಂತ್ರದ ಚಿಪ್ಪುಗಳಲ್ಲಿದೆ, ಮೀರಿದರೆ ಸಂಪರ್ಕದಲ್ಲಿ.

ರಿಪೇರಿಗೆ ಕೊಡುವ ಮುನ್ನ

ಯೂನಿಟ್ 2 ರೂಪಾಯಿ 50 ಪೈಸೆಗೆ ಸಿಗುವವರಿಗೆ ಮೇಲಿನ ಲೆಕ್ಕದಲ್ಲಿ, ವೇಗ ಇಳಿಸದೆ ಓಡಿಸಿದರೆ, ಇಡೀ ಯಂತ್ರ ದಿನಕ್ಕೆ ಉಳಿಸುವುದು 60 ರೂಪಾಯಿ. ಒಂದು ಬೋರ್ಡಿನ ಪಾಲು 20. ಅದರ ರಿಪೇರಿಗೆ 6,000 ಕೇಳಿದರೆ ಹಣ ವಾಪಸ್ ಬರಲು 300 ದಿನ, ಅಷ್ಟರೊಳಗೆ ಡಿಫಿಕಲ್ಟಿ ಎಷ್ಟು ಸಲ ಏರುತ್ತದೋ. ಮೂಗಿಗಿಂತ ಮೂಗುತಿ ಭಾರವಾದ ಹಾಗೆ. ಎರಡು ಬೋರ್ಡ್‌ಗಳಲ್ಲೇ ಓಡಿಸಿ: ಹ್ಯಾಶ್‌ರೇಟ್ ಕಡಿಮೆಯಾದಂತೆ ಕರೆಂಟೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ಸಮಬಿಂದು ಹೆಚ್ಚೇನೂ ಕದಲದು. ಕೆಟ್ಟ ಬೋರ್ಡನ್ನು ಬಿಡಿಭಾಗಕ್ಕೆಂದು ಎತ್ತಿಡಿ.

ಸಮಬಿಂದು ನಿಮ್ಮ ಯೂನಿಟ್ ದರಕ್ಕಿಂತ ಕೆಳಗಿಳಿದ ದಿನ ಯಂತ್ರವನ್ನು ಆಫ್ ಮಾಡಿ. ಧೂಳು ಊದಿ, ಎರಡೂ ಕಡೆಯ ಫ್ಯಾನ್ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ, ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೆಲದಿಂದ ಎತ್ತರದಲ್ಲಿಡಿ. ಮಳೆಗಾಲ ಕಳೆದು ಮತ್ತೆ ಹಚ್ಚುವಾಗ ಒಂದು ದಿನ ಬಿಸಿಲು ತಾಗುವ ಒಣ ಕೋಣೆಯಲ್ಲಿ ತೆರೆದಿಟ್ಟು, ಆಮೇಲಷ್ಟೇ ಪ್ಲಗ್ ಹಾಕಿ.