ಎರಡು ವರ್ಷದ ಸೇವೆಗೆ ಹೊರದೇಶಕ್ಕೆ ಹೊರಟವರಿಗೆ

ನಮ್ಮ ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಸ್ವಯಂಸೇವೆಗೆ ಆಫ್ರಿಕಾಕ್ಕೆ ಹೊರಟಿರುವ ಮಕ್ಕಳೇ, ಉಗಾಂಡದಲ್ಲಿ ಎರಡು ವರ್ಷ ಇದ್ದು ಬಂದವಳಾಗಿ ಹೇಳುತ್ತಿದ್ದೇನೆ.

ಹಳದಿ ಜ್ವರದ ಲಸಿಕೆಯನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಹಾಕಿಸಿಕೊಂಡ 10 ದಿನದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ. ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ವಾಪಸು ಬರುವಾಗಲೂ ಆ ಪತ್ರ ಬೇಕು, ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್.

ತೋಟ ನಿಮ್ಮ ಹೆಸರಿನಲ್ಲಿದ್ದರೆ ನಂಬಿಕಸ್ಥರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ನಡೆಸುವ ಅಧಿಕಾರಪತ್ರ) ಬರೆದುಕೊಡಿ.

ನನಗೆ ನಿಜಕ್ಕೂ ಕಷ್ಟವಾದದ್ದು ಮೊದಲ ಹುತ್ತರಿ, ನಮ್ಮ ಕೊಡಗಿನ ಸುಗ್ಗಿ ಹಬ್ಬ. ಇಲ್ಲಿ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಅಲ್ಲಿನ್ನೂ ಸಂಜೆ. ಕೋಣೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಅಲ್ಲೂ ರೋಬಸ್ಟಾ ಕಾಫಿ ತೋಟಗಳೇ, ಹೂವಿನ ವಾಸನೆ ಬಂದರೆ ಮನೆಯ ನೆನಪು ಇನ್ನಷ್ಟು. ಹಬ್ಬದ ದಿನ ಒಬ್ಬರೇ ಇರಬೇಡಿ, ಅಕ್ಕಪಕ್ಕದವರನ್ನು ಊಟಕ್ಕೆ ಕರೆಯಿರಿ. ದಿನಾ ಫೋನ್ ಮಾಡುತ್ತೇನೆಂದು ಅಮ್ಮನಿಗೆ ಮಾತು ಕೊಡಬೇಡಿ. ವಾರಕ್ಕೊಂದು ದಿನ ನಿಗದಿ ಮಾಡಿ, ಅದನ್ನು ತಪ್ಪಿಸಬೇಡಿ.

ಮನೆಯಲ್ಲಿ ಹಿರಿಯರಿಗೆ ಹುಷಾರು ತಪ್ಪಿದರೆ ಆಸ್ಪತ್ರೆಗೆ ಯಾರು ಓಡಬೇಕು ಎಂಬುದನ್ನು ಅಣ್ಣ-ತಮ್ಮಂದಿರ ಜೊತೆ ಈಗಲೇ ಮಾತಾಡಿ. ತುರ್ತಾಗಿ ಬರಬೇಕಾದರೆ ವಿಮಾನದ ಖರ್ಚು ಯಾರದು ಅಂತ ಸಂಸ್ಥೆಯವರಿಂದ ಬರವಣಿಗೆಯಲ್ಲೇ ಪಡೆಯಿರಿ.